ಅತ್ತೆಯ ಕೋಪ, ಕೊತ್ತಿಯ ಬೆನ್ನು

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮರಾರೋ, ಅವರು ವಿದ್ಯಾ ಇಲಾಖೆಯನ್ನು ಕಂಡವರಿರಲಾರರು. ಆದರೂ ಆ ಇಲಾಖೆಗೆ ಇಷ್ಟು ಚೆನ್ನಾಗಿ ಒಪ್ಪುವ ಗಾದೆ ಮತ್ತೊಂದಿಲ್ಲ. ಮೇಲಿನ ಕಚೇರಿಯಲ್ಲಿ ಹುಟ್ಟಿದ ಗದರಿಕೆ ಜಿಲ್ಲೆಯ ಉಪನಿರ್ದೇಶಕರನ್ನು ತಲಪುತ್ತದೆ. ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ತರಗತಿಯ ಉಪಾಧ್ಯಾಯಿನಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕಟ್ಟಕಡೆಗೆ, ಇದೊಂದನ್ನೂ ಅರಿಯದೆ ಮೂರನೆಯ ಬೆಂಚಿನಲ್ಲಿ ಕುಳಿತ ಮಗುವಿಗೆ ಬಂದು ತಾಗುತ್ತದೆ. ಮಗುವಿಗೆ ಕೆಳಗೆ ಮತ್ತಾರೂ ಇಲ್ಲ.

ಮಗುವನ್ನು ಹೊಡೆಯಬಾರದು, ಅದರ ಮನಸ್ಸನ್ನು ನೋಯಿಸಬಾರದು ಎಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣ ವಿಧಿಸಿದೆ. ಒಳ್ಳೆಯ ವಿಧಿ. ಆದರೆ ತರಗತಿಗೆ ಬರುವ ಕೋಪವೆಲ್ಲ ತರಗತಿಯಲ್ಲೇ ಹುಟ್ಟುವುದಲ್ಲ. ಪರಿಶೀಲನಾ ಸಭೆಯಲ್ಲಿ ನೂರು ಜನರೆದುರು ಎದ್ದು ನಿಂತು ಮಾತು ಕೇಳಿಸಿಕೊಂಡು ಬಂದ ಮುಖ್ಯೋಪಾಧ್ಯಾಯರು, ಮರುದಿನ ಪ್ರಾರ್ಥನೆಯ ವೇಳೆಗೆ ಪ್ರಸನ್ನವದನರಾಗಿರಬೇಕೆಂದು ಯಾವ ಕಾಯಿದೆ ತಾನೆ ಆಜ್ಞಾಪಿಸೀತು?

ಮನಸ್ಸನ್ನು ಆಳುವ ವಿದ್ಯೆಯನ್ನು ಮಕ್ಕಳಿಗೆ ಕಲಿಸಬೇಕೆಂಬ ಮಾತು ಈಗ ಹೊಸದಲ್ಲ. ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ‘ಕ್ಯಾಸೆಲ್’ ಎಂಬ ಸಂಸ್ಥೆ ಈ ವಿದ್ಯೆಗೆ ಐದು ಅಂಗಗಳನ್ನು ಹೇಳುತ್ತದೆ: ತನ್ನ ಮನಸ್ಸನ್ನು ತಾನರಿಯುವುದು, ಅದನ್ನು ಹತೋಟಿಯಲ್ಲಿಡುವುದು, ಪರರ ಮನಸ್ಸನ್ನು ಅರಿಯುವುದು, ಸಂಬಂಧವನ್ನು ಉಳಿಸಿಕೊಳ್ಳುವುದು, ವಿವೇಕದಿಂದ ನಿರ್ಣಯ ಮಾಡುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪ್ರೌಢಶಾಲೆಯ ಮಕ್ಕಳಿಗಾಗಿ ಜೀವನ ಕೌಶಲಗಳ ಪಾಠಕ್ರಮವನ್ನೇ ರೂಪಿಸಿದ್ದಾರೆ. ದೆಹಲಿಯ ಸರಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ಆನಂದದ ಪಾಠವೊಂದು ಆರಂಭವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದೇ ಮಾತನ್ನು ಆಡಿದೆ. ಎಲ್ಲವೂ ಮಕ್ಕಳಿಗಾಗಿ. ಆ ಐದು ಅಂಗಗಳನ್ನು ಇನ್ನೊಮ್ಮೆ ಓದಿ, ಅವು ಯಾರಿಗೆ ಹೆಚ್ಚು ಬೇಕೆಂದು ವಾಚಕರೇ ಹೇಳಲಿ: ಏಳು ವರ್ಷದ ಹುಡುಗನಿಗೋ, ನೂರಾರು ಶಾಲೆಗಳ ಭಾರ ಹೊತ್ತ ಅಧಿಕಾರಿಗೋ?

ಯಶವಂತಪುರವನ್ನೇ ನೋಡಬಹುದು. ಒಂದು ಕಡೆ ರೈಲು ನಿಲ್ದಾಣ, ಒಂದು ಕಡೆ ಈರುಳ್ಳಿ-ಆಲೂಗೆಡ್ಡೆಯ ಮೂಟೆಗಳ ಮಾರುಕಟ್ಟೆ ಪ್ರಾಂಗಣ, ತುಸು ಮುಂದೆ ಪೀಣ್ಯದ ಕಾರ್ಖಾನೆಗಳು. ಮೂಟೆ ಹೊರುವ ಹಮಾಲಿಗಳು, ಗಾರೆ ಕೆಲಸದವರು, ರಾಯಚೂರು-ಕಲಬುರಗಿಯ ಕಡೆಯಿಂದಲೂ ನೆರೆರಾಜ್ಯಗಳಿಂದಲೂ ದುಡಿಮೆಯನ್ನರಸಿ ಬಂದವರು ಇಲ್ಲಿದ್ದಾರೆ. ಇಂಥವರ ಮಕ್ಕಳು ಕಲಿಯುವ ಶಾಲೆಯಲ್ಲಿ ಹಾಜರಿ ಪಟ್ಟಿ ತಿಂಗಳಿಂದ ತಿಂಗಳಿಗೆ ಏರಿಳಿಯುವುದು ಸಹಜ; ತಂದೆಯ ಕೆಲಸ ಎತ್ತ ಹೋಯಿತೋ ಮಗುವೂ ಅತ್ತ.

ಅಲ್ಲಿಗೆ ಬಂದ ಅಧಿಕಾರಿ ಕೇಳುವ ಪ್ರಶ್ನೆ ಒಂದೇ: ‘ಮಕ್ಕಳು ಏಕೆ ಕಡಿಮೆ?’ ಅದೇ ಮಾತನ್ನು ಗದರಿ ಕೇಳಿದರೆ ಉಪಾಧ್ಯಾಯಿನಿ ತಲೆ ತಗ್ಗಿಸುತ್ತಾಳೆ. ಮುಂದಿನ ಸಲ ಅಧಿಕಾರಿಗೆ ದೊರೆಯುವುದು ಅವರ ಕಿವಿಗೆ ಹಿತವಾದ ಅಂಕಿ ಮಾತ್ರ. ಕುಳಿತು, ಸಮಾಧಾನದಿಂದ ಕೇಳಿದರೆ ಆಕೆ ಹೇಳುತ್ತಾಳೆ: ‘ನಾಲ್ಕು ಮನೆಯವರು ಬೇರೆ ಕೆಲಸಕ್ಕೆ ಹೋದರು, ಸಾರ್. ಒಬ್ಬ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿದ್ದಾಳೆ.’ ಆ ಹುಡುಗಿಯನ್ನು ಶಾಲೆಗೆ ಮರಳಿ ತರುವ ದಾರಿ ಈ ಎರಡನೆಯ ಉತ್ತರದಲ್ಲಿದೆ. ಅಂಜಿಕೆ ಇದ್ದಲ್ಲಿ ಸತ್ಯ ಮೇಲಕ್ಕೆ ಏರುವುದಿಲ್ಲ. ಸತ್ಯ ತಿಳಿಯದ ಅಧಿಕಾರಿ ಎಷ್ಟು ದಕ್ಷರಾದರೂ ಕುರುಡರೇ ಸರಿ.

ಅಧಿಕಾರಿಗಳನ್ನು ದೂರುವುದು ಸುಲಭ; ಅವರ ಕಷ್ಟವೂ ಸಣ್ಣದಲ್ಲ. ಬಿಸಿಯೂಟ, ಪಠ್ಯಪುಸ್ತಕ, ವರ್ಗಾವಣೆ, ನ್ಯಾಯಾಲಯದ ಮೊಕದ್ದಮೆ, ಎಲ್ಲಕ್ಕೂ ಮಿಗಿಲಾಗಿ ಎಸ್.ಎಸ್.ಎಲ್.ಸಿ. ಫಲಿತಾಂಶ. 2023ರಲ್ಲಿ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾದ ಕಾವಲು ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. ಇಂಥ ವರ್ಷದಲ್ಲಿ ಮೇಲಿನಿಂದ ಬರುವ ಪ್ರಶ್ನೆಗಳ ಬಿಸಿಯನ್ನು ತನ್ನಲ್ಲೇ ಆರಿಸಿಕೊಂಡು, ಕೆಳಗಿನವರಿಗೆ ಕೆಲಸವನ್ನು ಮಾತ್ರ ದಾಟಿಸುವುದಕ್ಕೆ ಸಾಮಾನ್ಯ ಸಂಯಮ ಸಾಲದು. ಆದುದರಿಂದಲೇ ಅದನ್ನು ಹುಟ್ಟುಗುಣಕ್ಕೆ ಬಿಡದೆ, ಲೆಕ್ಕಪತ್ರದ ನಿಯಮಗಳನ್ನು ಕಲಿಸುವಂತೆ ಕಲಿಸಬೇಕು.

ಕಲಿಸಿದರೆ ಫಲವುಂಟೆ? ಕನ್ನಡ ನಾಡಿನಲ್ಲೇ ಒಂದು ನಿದರ್ಶನವಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ‘ನಲಿ-ಕಲಿ’ ಮೊಳೆಯಿತು. ಉಪಾಧ್ಯಾಯರು ರಿಷಿ ಕಣಿವೆಯ ಶಾಲೆಯನ್ನು ನೋಡಿ ಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ತಪಾಸಣೆಗೆ ಬರುವ ಅಧಿಕಾರಿ ತಪ್ಪು ಹುಡುಕುವವರಾಗದೆ ಜೊತೆಯಲ್ಲಿ ಕುಳಿತು ಯೋಚಿಸುವವರಾದುದೂ ಅವರ ಧೈರ್ಯಕ್ಕೆ ನೆರವಾಯಿತು. ಒಂದು ತಾಲ್ಲೂಕಿನ ಆ ಬೆಳೆ 2009ರ ವೇಳೆಗೆ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡುಗಳು ಎಲ್ಲೆಡೆಯೂ ಹೋದವು. ಜೊತೆಯಲ್ಲಿ ಕುಳಿತುಕೊಳ್ಳುವ ಆ ಗುಣ ಅಷ್ಟೇ ದೂರ ಹೋಯಿತೆ ಎಂಬುದು ಬೇರೆಯ ಮಾತು.

ಇದಕ್ಕೆ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಜಿಲ್ಲಾ ತರಬೇತಿ ಸಂಸ್ಥೆಗಳಲ್ಲಿ ಅಧಿಕಾರಿಗಳೇ ವಿದ್ಯಾರ್ಥಿಗಳಾಗಿ ವರ್ಷಕ್ಕೆ ಕೆಲವು ದಿನ ಕುಳಿತು, ಕಠಿಣವಾದ ಮಾತನ್ನು ನೋಯಿಸದೆ ಆಡುವುದನ್ನು ಅಭ್ಯಾಸ ಮಾಡಬಹುದು. ಹೊಗಳಿಕೆ ಸಭೆಯಲ್ಲಿ, ಆಕ್ಷೇಪಣೆ ಕೊಠಡಿಯೊಳಗೆ ಎಂಬುದನ್ನು ನಿಯಮ ಮಾಡಿಕೊಳ್ಳಬಹುದು. ಶಾಲೆಗೆ ಹೋದಾಗ ಮೊದಲ ಅರ್ಧ ಗಂಟೆ ಕೇಳುವುದಕ್ಕೆ, ಆಮೇಲೆ ಹೇಳುವುದಕ್ಕೆ. ಕೋಪದಲ್ಲಿ ಬರೆದ ನೋಟೀಸು ಒಂದು ರಾತ್ರಿ ಮೇಜಿನ ಮೇಲೆಯೇ ಮಲಗಿರಲಿ. ಬೆಳಗ್ಗೆಯೂ ಅದು ನ್ಯಾಯವೆಂದು ತೋರಿದರೆ ಸಹಿ ಬೀಳಲಿ.

ಕೋಪ ಮೆಟ್ಟಿಲಿಳಿಯುವಂತೆ ಸಮಾಧಾನವೂ ಮೆಟ್ಟಿಲಿಳಿಯಬಲ್ಲುದು. ಅದಕ್ಕೂ ಮೇಲಿನಿಂದ ಒಬ್ಬರು ಹೊರಡಬೇಕು, ಅಷ್ಟೆ.