ಹೋಟೆಲು ಚಟ್ನಿಯಲ್ಲಿ ನಮ್ಮ ಕಾಯಿ ಎಷ್ಟು?

2025ರ ಜುಲೈ ಮೂರನೇ ವಾರ ನನ್ನ ಅಣ್ಣನಿಗೆ ಸೊಂಟದ ಆಪರೇಶನ್ ಆಯಿತು. ಆಸ್ಪತ್ರೆ ದೇರಳಕಟ್ಟೆಯಲ್ಲಿ. ಅತ್ತಿಗೆಗೆ ಹಟ್ಟಿಯ ಕೆಲಸ ಬಿಟ್ಟು ಬರುವಂತಿಲ್ಲ. ಮಗನಿಗೆ ಕೊಳೆರೋಗಕ್ಕೆ ಎರಡನೇ ಸುತ್ತು ಮದ್ದು ಬಿಡಿಸುವ ಗಡಿಬಿಡಿ. ಹಾಗಾಗಿ ಅಣ್ಣನ ಜತೆ ನಿಂತವ ನಾನು. ಬರೋಬ್ಬರಿ ಹದಿನೇಳು ದಿನ. ರೋಗಿಗೆ ಆಸ್ಪತ್ರೆಯದ್ದೇ ಗಂಜಿ ಬರುತ್ತಿತ್ತು. ನನಗೆ ಮೂರು ಹೊತ್ತೂ ಹೋಟೆಲು.

ನಮ್ಮಂಥವರಿಗೆ ಹೋಟೆಲು ಹೊಸತಲ್ಲ. ಪೇಟೆಗೆ ಹೋದಾಗ ಒಂದು ಬನ್ಸ್, ಒಂದು ಚಾ, ಎದ್ದು ಬಂದರಾಯಿತು. ಹಾಗೆ ತಿನ್ನುವಾಗ ಎಂತದೂ ಗೊತ್ತಾಗುವುದಿಲ್ಲ. ಹದಿನೇಳು ದಿನ ಬಿಡದೆ ತಿಂದರೆ ಮಾತ್ರ ಎಲ್ಲಾ ಗೊತ್ತಾಗುತ್ತದೆ! ಸಂಜೆ ಮಂಚದ ಪಕ್ಕ ಕೂತು ಲೆಕ್ಕ ಬರೆದಿಡುವ ಅಭ್ಯಾಸ ನನ್ನದು. ದಿನಕ್ಕೆ ಸರಾಸರಿ 310 ರೂಪಾಯಿ ಹೊಟ್ಟೆಗೇ ಹೋಗಿದೆ. ಒಟ್ಟು 5,270. ಇದು ದುಬಾರಿ ಎಂದು ಬೊಬ್ಬೆ ಹಾಕಲು ಈ ಲೇಖನ ಅಲ್ಲ. ಕೊಟ್ಟ ದುಡ್ಡಿಗೆ ಎಲೆಗೆ ಬಂದದ್ದೆಂತ, ಅದರಲ್ಲಿ ನಾವು ಬೆಳೆದದ್ದೆಷ್ಟು ಎಂಬುದು ನನ್ನ ಪ್ರಶ್ನೆ.

ಹತ್ತು ಹದಿನೈದು ವರ್ಷದ ಹಿಂದಿನ ದೇರಳಕಟ್ಟೆ ಈಗಿಲ್ಲ. ಒಂದು ಬದಿಗೆ ಆಸ್ಪತ್ರೆಗಳು, ಕಾಲೇಜುಗಳು. ಇನ್ನೊಂದು ಬದಿಗೆ ತೊಕ್ಕೊಟ್ಟಿನಿಂದ ಕೊಣಾಜೆಯ ತನಕ ಸಾಲಾಗಿ ತಿಂಡಿ ಅಂಗಡಿಗಳು. ಹೊರ ಊರಿನ ಮಕ್ಕಳೂ ರೋಗಿಗಳ ಕಡೆಯವರೂ ಹಗಲು ರಾತ್ರಿ ಇರುವ ಜಾಗ. ಗಿರಾಕಿ ತಪ್ಪುವುದೇ ಇಲ್ಲ. ಊಟ ಚಂದ ಇಲ್ಲದಿದ್ದರೂ ಹೋಟೆಲು ನಡೆಯುತ್ತದೆ. ನನ್ನ ಪ್ರಕಾರ ಇಂಥ ಜಾಗಗಳ ಮೊದಲನೆಯ ರೋಗ ಇದೇ. ಇವತ್ತು ಬಂದವ ನಾಳೆ ಡಿಸ್ಚಾರ್ಜ್ ಆಗಿ ಹೋಗುತ್ತಾನೆ. ಅವನನ್ನು ಮತ್ತೆ ಬರುವಂತೆ ಮಾಡಬೇಕೆಂಬ ಚಿಂತೆ ಯಾರಿಗಿದೆ?

ಮೊದಲ ದಿನ ಹೊಕ್ಕದ್ದು ಗಾಜಿನ ಬಾಗಿಲಿನ ಏ.ಸಿ. ಹೋಟೆಲಿಗೆ. ಅಳಿಯನೂ ಇದ್ದ. ಮೆನು ಕಾರ್ಡೇ ಇಲ್ಲ. ಮೇಜಿನ ಮೇಲೆ ಚೌಕದ ಚಿತ್ರ, ಮೊಬೈಲು ತೋರಿಸಿದರೆ ತಿಂಡಿಗಳ ಪಟ್ಟಿ ಬರುತ್ತದೆ. ಉತ್ತರದ್ದು, ಚೀನಾದ್ದು, ಅರಬಿನದ್ದು ಎಲ್ಲಾ ಉಂಟು. ನೀರ್ ದೋಸೆ ಕೊನೆಯ ಪುಟದಲ್ಲಿ. ಕುಚ್ಚಿಲಕ್ಕಿ ಅನ್ನ ಉಂಟೋ ಕೇಳಿದೆ. "ವೈಟ್ ರೈಸ್ ಮಾತ್ರ ಸರ್." ಎಂಒ4 ಭತ್ತ ಬೆಳೆದು ಅದನ್ನೇ ಬೇಯಿಸಿ ಉಂಡು ಬದುಕಿದ ಸೀಮೆ ಇದು. ಇಲ್ಲಿಯ ಹೋಟೆಲಿನಲ್ಲಿ ಕುಚ್ಚಿಲಕ್ಕಿ ಇಲ್ಲ, ಆದರೆ ನೂಡಲ್ಸ್ ನಾಲ್ಕು ಬಗೆ!

ನಾವು ತಿಂದದ್ದು 480 ರೂಪಾಯಿಯದ್ದು. ಬಿಲ್ಲು ಬಂದದ್ದು 554 ರೂಪಾಯಿ 40 ಪೈಸೆ. ನೋಡಿದರೆ ಶೇಕಡಾ ಹತ್ತು ಸರ್ವಿಸ್ ಚಾರ್ಜ್ 48 ರೂಪಾಯಿ. ಅದನ್ನೂ ಸೇರಿಸಿ ಅದರ ಮೇಲೆ ಶೇಕಡಾ ಐದರ ಜಿಎಸ್‌ಟಿ. ಓದುಗರಲ್ಲಿ ಹಲವರಿಗೆ ಇದು ಗೊತ್ತಿರಲಿಕ್ಕಿಲ್ಲ: ಜಿಎಸ್‌ಟಿ ಸರಕಾರದ್ದು, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನದ್ದು, ಕೊಡಲೇಬೇಕೆಂದಿಲ್ಲ. ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಅಳಿಯ ಇದನ್ನು ಮೆತ್ತಗೆ ಹೇಳಿದ. ಕೌಂಟರಿನವ ಒಂದೂ ಮಾತಾಡದೆ ಬಿಲ್ಲು ತಿದ್ದಿ 504 ಮಾಡಿಕೊಟ್ಟ. ಕೇಳಿದವನಿಗೆ ಮಾತ್ರ ತೆಗೆಯುತ್ತಾರೆ ಎಂದಾಯಿತು. ಆಸ್ಪತ್ರೆಯ ಚಿಂತೆಯಲ್ಲಿ ಇದ್ದವರು ಎಷ್ಟು ಮಂದಿ ಕೇಳಿಯಾರು?

ಇನ್ನು ಚಟ್ನಿಗೆ ಬರುತ್ತೇನೆ. ನನ್ನ ಸಿಟ್ಟು ಇರುವುದೇ ಅಲ್ಲಿ.

ಎರಡನೇ ದಿನದಿಂದ ತಿಂಡಿಗೆ ಹೋಗುತ್ತಿದ್ದ ಹೋಟೆಲಿನ ಗೋಡೆಯಲ್ಲಿ ಒಂದು ಕಾಗದ ಅಂಟಿಸಿದ್ದರು. "ತೆಂಗಿನಕಾಯಿ ದರ ಏರಿದ ಕಾರಣ ಚಟ್ನಿ ಎರಡನೇ ಸಲ ಕೇಳಬೇಡಿ." ಹತ್ತು ದಿನದ ಹಿಂದೆ ಅಲ್ಲಿ ದೋಸೆಗೆ ಹತ್ತು ರೂಪಾಯಿ ಏರಿಸಿಯೂ ಆಗಿತ್ತಂತೆ. ಬಂದ ಚಟ್ನಿಯೋ! ಹುರಿಗಡಲೆ ಹಿಟ್ಟಿಗೆ ಹಸಿಮೆಣಸು ಹಾಕಿ ನೀರು ಬಿಟ್ಟದ್ದು. ದೋಸೆ ತುಂಡು ಅದ್ದಿದರೆ ನೀರು ಬೇರೆ, ಹಿಟ್ಟು ಬೇರೆ. ಕಾಯಿಯನ್ನು ಅದಕ್ಕೆ ದೂರದಿಂದ ತೋರಿಸಿದ್ದಿರಬೇಕು.

ಸರಿ, ಲೆಕ್ಕ ಮಾಡುವ. ಆ ತಿಂಗಳು ನಾವು ಸುಲಿದ ಕಾಯಿ ಕೊಟ್ಟದ್ದು ಕಿಲೋಗೆ 60 ರೂಪಾಯಿಯ ಆಸುಪಾಸಿನಲ್ಲಿ. ಹೋಟೆಲಿನವನಿಗೆ 70 ಬಿತ್ತು ಎನ್ನಿ. ಅರ್ಧ ಕಿಲೋದ ಒಂದು ಕಾಯಿಗೆ 35. ಒಂದು ಕಾಯಿ ಹೆರೆದರೆ ನಮ್ಮ ಮನೆಯಲ್ಲಿ ಹತ್ತು ಜನರ ದೋಸೆಗೆ ದಪ್ಪ ಚಟ್ನಿ ಧಾರಾಳ ಆಗುತ್ತದೆ. ಅಂದರೆ ಒಬ್ಬನಿಗೆ ಮೂರೂವರೆ ರೂಪಾಯಿ. 2023ರಲ್ಲಿ ಕಾಯಿ ಬಿದ್ದುಹೋದಾಗ ನಾವು ಕಿಲೋಗೆ 25ರ ಒಳಗೆ ಕೊಟ್ಟಿದ್ದೇವೆ. ಹೋಟೆಲಿನವನಿಗೆ 30 ಎಂದಿಟ್ಟುಕೊಂಡರೂ ಆಗ ಒಬ್ಬನ ಚಟ್ನಿಗೆ ಒಂದೂವರೆ ರೂಪಾಯಿ. ಏರಿದ್ದು ಎರಡೇ ರೂಪಾಯಿ. ದೋಸೆಗೆ ಏರಿಸಿದ್ದು ಹತ್ತು. ಅದರ ಮೇಲೆ ಕಾಯಿಯ ಬದಲು ಹುರಿಗಡಲೆ ಬೇರೆ!

2023ರ ಮಾತು ಬಂತು. ಆ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ 8 ಸಾವಿರದ ಆಚೀಚೆಗೆ ಬಿದ್ದಿತ್ತು. ರೈತರು ಬೀದಿಗಿಳಿದಿದ್ದರು. ಆಗ ಯಾವ ಹೋಟೆಲಿನ ಗೋಡೆಯಲ್ಲಾದರೂ "ಕಾಯಿ ದರ ಇಳಿದ ಕಾರಣ ದೋಸೆಗೆ ಐದು ರೂಪಾಯಿ ಕಡಿಮೆ" ಎಂಬ ಕಾಗದ ಕಂಡವರಿದ್ದೀರಾ? 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಎಲ್ಲ ಬಾಯಿಯಲ್ಲೂ ತೆಂಗಿನವನೇ ಕಳ್ಳ. ದರ ಏರಿದ ಹೊತ್ತಿಗೆ ಮರದಲ್ಲಿ ಕಾಯಿ ಎಷ್ಟಿತ್ತು ಎಂದು ಬೆಳೆದವರನ್ನು ಕೇಳಬೇಕು. ನಮ್ಮ ತೋಟದಲ್ಲಿ ಅರ್ಧ ಫಸಲು. ಬೆಲೆ ಏರಿದ್ದೇ ಕಾಯಿ ಇಲ್ಲದ್ದರಿಂದ.

ನ್ಯಾಯ ಹೇಳಬೇಕಾದರೆ ಊಟದ ಲೆಕ್ಕ ಬೇರೆ. ನಮ್ಮ ಕಡೆ ಸಾಂಬಾರಿಗೂ ಪಲ್ಯಕ್ಕೂ ಕಾಯಿ, ಒಗ್ಗರಣೆಗೆ ಕೊಬ್ಬರಿ ಎಣ್ಣೆ. ಒಂದು ಊಟಕ್ಕೆ ಕಾಲು ಕಾಯಿ ಹಿಡಿದರೂ ಎಂಟೊಂಬತ್ತು ರೂಪಾಯಿ ಅದಕ್ಕೇ ಆಗುತ್ತದೆ. ಊಟಕ್ಕೆ ಹತ್ತು ರೂಪಾಯಿ ಏರಿಸಿದವರನ್ನು ನಾನು ದೂರುವುದಿಲ್ಲ. ಏರಿಸಿ, ಆದರೆ ಕಾಯಿ ಹಾಕಿ. ಏರಿಸುವುದೂ ಹಾಕದಿರುವುದೂ ಎರಡು ಒಟ್ಟಿಗೆ ಆಗಬಾರದು.

ಆಟಿ ತಿಂಗಳಾದ್ದರಿಂದ ಇನ್ನೊಂದು ತಮಾಷೆ ನೋಡಲು ಸಿಕ್ಕಿತು. ಏ.ಸಿ. ಹೋಟೆಲಿನ ಎದುರು "ಆಟಿ ಸ್ಪೆಷಲ್" ಎಂಬ ಬ್ಯಾನರು. ಪತ್ರೊಡೆ ಎರಡು ತುಂಡಿಗೆ 120 ರೂಪಾಯಿ. ಕೆಸುವಿನ ಎಲೆ ಆ ಹೊತ್ತಿನಲ್ಲಿ ನಮ್ಮ ತೋಟದ ಕಣಿಯ ಬದಿಯಲ್ಲಿ ಕಾಲಿಗೆ ತೊಡರುವಷ್ಟು ಇರುತ್ತದೆ. ಆಟಿಯಲ್ಲಿ ಹಿಂದಿನವರು ಕೆಸು, ತಗತೆ ಸೊಪ್ಪು, ಕಣಿಲೆ, ಹಲಸಿನ ಬೀಜ ತಿಂದದ್ದು ಸ್ಪೆಷಲ್ ಎಂದಲ್ಲ. ಪತ್ತಾಯದಲ್ಲಿ ಅಕ್ಕಿ ಮುಗಿದಿತ್ತು, ಅದಕ್ಕೆ. ಈಗ ಅದನ್ನು ದುಡ್ಡು ಕೊಟ್ಟು ತಿನ್ನುವವರಿದ್ದಾರೆ ಎಂದರೆ ನನಗೆ ಸಂತೋಷವೇ. ಆದರೆ ಈ 120ರಲ್ಲಿ ಕೆಸು ಕೊಯ್ದು ಕೊಟ್ಟವನಿಗೆ ಎಷ್ಟು ಹೋಯಿತು? ಮಾಣಿಯನ್ನು ಕೇಳಿದೆ, ಅವನಿಗೆ ಕೆಸು ಎಂದರೇ ಗೊತ್ತಿಲ್ಲ. ಪತ್ರೊಡೆ ಸುರುಳಿ ಮಾಡಿ ತಂಪು ಪೆಟ್ಟಿಗೆಯಲ್ಲಿ ಬರುವುದಂತೆ.

ಆ ಹುಡುಗರ ಬಗ್ಗೆ ಎರಡು ಮಾತು. ಅಸ್ಸಾಂ, ಒಡಿಶಾ, ಜಾರ್ಖಂಡಿನ ಮಕ್ಕಳು. ನಮ್ಮ ಜನ ಅವರ ಮೇಲೆ ರೇಗುವುದನ್ನು ದಿನಾ ನೋಡಿದೆ. ತುಳು ಬರುವುದಿಲ್ಲ, ಕನ್ನಡ ಬರುವುದಿಲ್ಲ ಎಂದು. ಅಡಿಕೆ ಸುಲಿಯಲು, ತೋಟಕ್ಕೆ ಮಣ್ಣು ಹೊರಲು ನಾವು ಕರೆಯುವುದೂ ಅವರ ಅಣ್ಣತಮ್ಮಂದಿರನ್ನೇ ಅಲ್ಲವೇ? ಬೆಳಗ್ಗೆ ಆರಕ್ಕೆ ಇದ್ದ ಹುಡುಗನನ್ನೇ ರಾತ್ರಿ ಹತ್ತಕ್ಕೂ ಕಂಡಿದ್ದೇನೆ. ಹನ್ನೆರಡು ಮೇಜಿಗೆ ಒಬ್ಬ. ನೀರು ತಡವಾದರೆ ಅದು ಅವನ ತಪ್ಪಲ್ಲ, ಜನ ಇಡದ ಯಜಮಾನನದ್ದು. ಅವರಲ್ಲಿ ಒಬ್ಬ ಮೂರನೇ ದಿನಕ್ಕೆ ನಾನು ಕೂತ ಕೂಡಲೇ "ಅಂಕಲ್, ಬಿಸಿ ನೀರು" ಎಂದು ಚೊಂಬು ತಂದಿಡುತ್ತಿದ್ದ. ಬಾಟಲಿ ನೀರು ಮುಂದಿಟ್ಟು ಮುಚ್ಚಳ ತಿರುಗಿಸುವವರ ನಡುವೆ ಆ ಚೊಂಬು ನೀರಿಗೆ ಬೆಲೆ ಕಟ್ಟುವುದು ಕಷ್ಟ.

ಐದನೇ ದಿನ ಹೊಟ್ಟೆ ಕೆಟ್ಟಿತು. ಯಾವುದರಿಂದ ಎಂದು ಹೇಳಲಾರೆ, ಹಾಗಾಗಿ ಯಾರನ್ನೂ ದೂರಲಾರೆ. ನರ್ಸಮ್ಮ ಗಂಜಿ ಉಣ್ಣಿ ಎಂದರು. ಗಂಜಿ ಹುಡುಕಿಕೊಂಡು ಹೋದಾಗಲೇ ಸಿಕ್ಕಿದ್ದು ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಗಂಡ ಹೆಂಡತಿ ನಡೆಸುವ ಒಂದು ಶೀಟಿನ ಮಾಡಿನ ಹೋಟೆಲು. ಆರು ಬೆಂಚು. ಬೋರ್ಡು ಮಳೆಗೆ ಮಾಸಿಹೋಗಿದೆ. ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ 50 ರೂಪಾಯಿ. ಊಟ 80. ಉಳಿದ ಹನ್ನೆರಡು ದಿನ ಅಲ್ಲೇ ಉಂಡೆ.

ಅಲ್ಲಿಯದ್ದೆಲ್ಲ ಚಂದ ಎಂದು ನಾನು ಬರೆಯುವುದಿಲ್ಲ. ಸಾಂಬಾರು ಕೆಲವು ದಿನ ಬರೀ ಹುಳಿ. ಕೈ ತೊಳೆಯುವ ಜಾಗದಲ್ಲಿ ಪಾಚಿ, ಒಮ್ಮೆ ಜಾರಿಯೂ ಆಯಿತು. ಒಂದೂವರೆ ಗಂಟೆ ಕಳೆದರೆ ಪಲ್ಯ ಮುಗಿದಿರುತ್ತದೆ. ಆದರೆ ಚಟ್ನಿ ಚಟ್ನಿಯ ಹಾಗಿತ್ತು. ಇಡ್ಲಿ ಬೇಯಿಸುವುದು ಬಟ್ಟೆಯಲ್ಲಿ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆಯವರು ಕೆಲವು ಹೋಟೆಲುಗಳಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವುದನ್ನು ಹಿಡಿದದ್ದು ನೆನಪಿರಬಹುದು. ಇಲ್ಲಿ ಆದಿತ್ಯವಾರ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಕಡುಬು. ಹತ್ತು ಗಂಟೆಗೆ ಖಾಲಿ. ಕಾಲೇಜು ಮಕ್ಕಳು ಸಾಲು ನಿಂತು ತಿನ್ನುವುದನ್ನು ನಾನೇ ಕಂಡಿದ್ದೇನೆ. ಈಗಿನ ಮಕ್ಕಳಿಗೆ ಗೋಬಿ ಮಂಚೂರಿ ಬಿಟ್ಟರೆ ಬೇರೆ ಬೇಡ ಎನ್ನುವವರು ಒಂದು ಆದಿತ್ಯವಾರ ಅಲ್ಲಿಗೆ ಹೋಗಿ ನೋಡಲಿ. ಆ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರಕಾರ 2024ರ ಮಾರ್ಚಿನಲ್ಲಿ ನಿಷೇಧಿಸಬೇಕಾಯಿತು, ಅದು ಬೇರೆ ಕಥೆ.

ಆದರೆ ಆ ಹೋಟೆಲಿನಲ್ಲೂ ಊಟಕ್ಕೆ ಹಾಕಿದ್ದು ಹಸಿರು ಬಣ್ಣದ ಕಾಗದದ ಎಲೆ! ಪಲ್ಯ ಎಂಟು ದಿನದಲ್ಲಿ ಐದು ದಿನ ಕ್ಯಾಬೇಜು, ಬೀಟ್ರೂಟು. ಘಟ್ಟದಿಂದ ಲಾರಿಯಲ್ಲಿ ಇಳಿದದ್ದು. ತೊಂಡೆ, ಅಲಸಂಡೆ, ಜೀಗುಜ್ಜೆ, ಮಂಗಳೂರು ಸೌತೆ ಬೆಳೆಯುವ ಊರಿನಲ್ಲಿ ಇದೆಂತ ಅವಸ್ಥೆ? ಪರಿಚಯ ಆದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ.

"ಅಕ್ಕ, ಬಾಳೆಎಲೆ ಹಾಕಬಾರದಾ?"

ಅವರು ಸೌಟು ಕೆಳಗಿಟ್ಟರು. "ತಂದು ಕೊಡುವವರು ಯಾರಣ್ಣ? ನಿಮ್ಮ ಹಾಗೆ ಕೃಷಿಯವರೇ ಒಬ್ಬರು ಕೊಡ್ತೇನೆ ಹೇಳಿದ್ರು. ಎರಡು ವಾರ ತಂದ್ರು. ಮೂರನೇ ವಾರ ಮನೆಯಲ್ಲಿ ಪೂಜೆ, ಎಲೆ ಇಲ್ಲ. ಆಮೇಲೆ ಫೋನೇ ತೆಗೀಲಿಲ್ಲ. ತೊಂಡೆಕಾಯಿಯದ್ದೂ ಅದೇ. ನಾಲ್ಕು ದಿನ ಬರ್ತದೆ, ಐದನೇ ದಿನ ಇಲ್ಲ. ಬೆಳಗ್ಗೆ ಏಳು ಗಂಟೆಗೆ ನಾನೆಂತ ಕೊಚ್ಚುದು? ಕ್ಯಾಬೇಜು ಫೋನು ಮಾಡಿದ್ರೆ ಬಾಗಿಲಿಗೆ ಬರ್ತದೆ."

ನನಗೆ ಮಾತು ಹೊರಡಲಿಲ್ಲ. ಗಂಡ ಕಾಸು ಎಣಿಸುತ್ತಾ ಸೇರಿಸಿದರು: ಬಾಡಿಗೆ, ಗ್ಯಾಸು, ಇಬ್ಬರು ಹೆಂಗಸರ ಸಂಬಳ ಕಳೆದು ಉಳಿಯುವುದು ಕಷ್ಟದಲ್ಲಿ. ಮೊಬೈಲಿನಲ್ಲಿ ಊಟ ತರಿಸುವ ಕಂಪೆನಿಯವರು ಬಂದು ಸೇರಿ ಎಂದರಂತೆ, ನೂರಕ್ಕೆ ಇಪ್ಪತ್ತರ ಮೇಲೆ ಕಮಿಶನ್ ಕೇಳಿದ್ದಕ್ಕೆ ಬೇಡ ಎಂದರಂತೆ. "ಅವರಿಗೆ ಕೊಡುವ ಇಪ್ಪತ್ತನ್ನು ಸಾಂಬಾರಿಗೆ ನೀರು ಹಾಕಿಯೇ ತೆಗೀಬೇಕಷ್ಟೆ."

ನಾವು ಬೆಳೆಗಾರರು ಸಭೆಗಳಲ್ಲಿ ಕೂತು ಹೋಟೆಲಿನವರು ಸ್ಥಳೀಯ ತರಕಾರಿ ಕೊಳ್ಳುವುದಿಲ್ಲ ಎನ್ನುತ್ತೇವೆ. ನಾನೂ ಹೇಳಿದವನೇ. ಕೊಟ್ಟ ಮಾತಿನಂತೆ ಆರು ತಿಂಗಳು ದಿನಾ ಎಂಟು ಕಿಲೋ ತೊಂಡೆಕಾಯಿ ಏಳು ಗಂಟೆಗೆ ಮುಟ್ಟಿಸಿದವರು ನಮ್ಮಲ್ಲಿ ಎಷ್ಟಿದ್ದೇವೆ? ದರ ಏರಿದ ದಿನ ಮಾರ್ಕೆಟಿಗೆ, ಇಳಿದ ದಿನ ಹೋಟೆಲಿಗೆ ಎಂದರೆ ಅವರು ನಂಬುವುದು ಹೇಗೆ? ಚಟ್ನಿಯ ಹೋಟೆಲಿನವನ ಬುದ್ಧಿಗೂ ನಮ್ಮದಕ್ಕೂ ಆಗ ವ್ಯತ್ಯಾಸ ಕಾಣುವುದಿಲ್ಲ.

ಅಣ್ಣ ಈಗ ಕೋಲು ಹಿಡಿದು ಅಂಗಳದ ತನಕ ಬರುತ್ತಾನೆ. ಊರಿಗೆ ಬಂದ ಮೇಲೆ ನೆರೆಕರೆಯ ನಾಲ್ಕು ಮನೆಯವರು ಕೂತು ಮಾತಾಡಿದೆವು. ಒಬ್ಬನಿಂದ ಆಗದ್ದು ನಾಲ್ವರು ಸರದಿ ಮಾಡಿದರೆ ಆದೀತು ಎಂಬ ಲೆಕ್ಕ. ಬೆಳಗ್ಗಿನ ಮೊದಲ ಬಸ್ಸು ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಮುಟ್ಟುತ್ತದೆ. ಕಂಡಕ್ಟರು ಒಂದು ಗೋಣಿಗೆ 30 ರೂಪಾಯಿ ಕೇಳಿದ್ದಾನೆ. ದರ ವರ್ಷಕ್ಕೆ ಎರಡು ಸಲ ಮಾತ್ರ ಬದಲಿಸುವುದು ಎಂದು ಆ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು, "ಮೊದಲು ಒಂದು ತಿಂಗಳು ತನ್ನಿ, ಮತ್ತೆ ನೋಡುವ" ಎಂದರು. ಬಾಳೆಎಲೆ ಇಬ್ಬರ ಮನೆಯಿಂದ, ತೊಂಡೆ ಮತ್ತು ಅಲಸಂಡೆ ನಮ್ಮಲ್ಲಿಂದ. ಅಕ್ಕ ಬಸಳೆಯೂ ಬೇಕೆಂದು ಕೇಳಿದ್ದಾರೆ, ವಾರಕ್ಕೆ ಎರಡು ದಿನ. ಅದಕ್ಕೆ ಇನ್ನೂ ಯಾರೂ ಒಪ್ಪಿಲ್ಲ.