ಚೆಲುವಿಯ ಮುಕ್ತಾಯ

ಗಿರೀಶ ಕಾರ್ನಾಡರು 1992ರಲ್ಲಿ ನಿರ್ದೇಶಿಸಿದ ‘ಚೆಲುವಿ’ ಚಲಚ್ಚಿತ್ರವು ಹಿಂದೀ ಭಾಷೆಯದಾದರೂ ಅದರ ಬೇರಿರುವುದು ಕನ್ನಡದ ಅಜ್ಜಿಯರ ಕಥೆಯಲ್ಲಿ. ಒಂದು ಕೊಡ ನೀರು ಸುರಿದರೆ ಹೂಮರವಾಗಿ, ಇನ್ನೊಂದು ಕೊಡ ಸುರಿದರೆ ಮರಳಿ ಹೆಣ್ಣಾಗುವ ಬಡಹುಡುಗಿಯ ಈ ಕಥೆಯನ್ನು ಎ. ಕೆ. ರಾಮಾನುಜನ್ನರು ಸಂಗ್ರಹಿಸಿ ಲೋಕಕ್ಕೆ ಪರಿಚಯಿಸಿದರು. ಕಥೆಯಲ್ಲಿ ನಾದಿನಿಯ ಗೆಳತಿಯರು ಕೊಂಬೆಗಳನ್ನು ಮುರಿದುಹಾಕಿ ಅವಳನ್ನು ಕೈಕಾಲಿಲ್ಲದ ಮೋಟುದೇಹವಾಗಿಸುತ್ತಾರೆ; ಕಡೆಗೆ ಗಂಡನು ದೊರೆತು ಅವಳು ಮೊದಲಿನಂತಾಗುತ್ತಾಳೆ. ಚಿತ್ರದಲ್ಲಿ ಅವಳು ಮೊದಲಿನಂತಾಗುವುದಿಲ್ಲ, ಕಾಡೇ ಕಡಿದುಹೋಗಿರುತ್ತದೆ.

ಈ ಮುಕ್ತಾಯವನ್ನು ಸಹಿಸದವರುಂಟು. ಮಕ್ಕಳನ್ನು ಅಳಿಸಿ ಮಲಗಿಸುವ ಅಜ್ಜಿ ಎಲ್ಲಿಯಾದರೂ ಇದ್ದಾಳೆಯೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಕಥೆಯ ಕಟ್ಟಳೆಯನ್ನು ಮುರಿದವರು ಕಾರ್ನಾಡರೆಂಬುದು ಮಾತ್ರ ಸಲ್ಲದ ಮಾತು. ಅಜ್ಜಿಯ ಕಥೆಯಲ್ಲಿ ಆ ಹುಡುಗಿಯನ್ನು ಉಳಿಸಲು ಶಿವಪಾರ್ವತಿಯರು ನಂದಿಯನ್ನೇರಿ ಬರಲಿಲ್ಲ. ಅವಳು ಮತ್ತೆ ಮರವಾದಾಗ ಗಂಡನು ಮುರಿದ ಕೊಂಬೆಗಳನ್ನು ತನ್ನ ಕೈಯಿಂದಲೇ ಒಂದೊಂದಾಗಿ ಸರಿಪಡಿಸಿದನು. ಅನಂತರವೇ ಅವಳಿಗೆ ಕೈಕಾಲು ಬಂದುದು. ಉಗುರು ತಾಗದಂತೆ ನೀರು ಸುರಿಯಬೇಕೆಂದು ಮೊದಲೇ ಎಚ್ಚರಿಸಿದ ಕಥೆಯದು. ಕೊಂಬೆಗಳೇ ಇಲ್ಲದೆ ಹೋದರೆ ಗತಿಯೇನೆಂದು ಕಥೆ ಹೇಳುವುದಿಲ್ಲ, ಏಕೆಂದರೆ ಆ ಕಾಲದ ಅಜ್ಜಿಗೆ ಅಂತಹ ಕಾಡನ್ನು ಕಾಣುವ ದುರ್ವಿಧಿ ಬಂದಿರಲಿಲ್ಲ. ಕಾರ್ನಾಡರು ಕಟ್ಟಳೆಯನ್ನು ಹಾಗೆಯೇ ಉಳಿಸಿಕೊಂಡು ಕಾಲವನ್ನು ಮಾತ್ರ ಬದಲಿಸಿದರು.

ಶಿವಮೊಗ್ಗ ಭದ್ರಾವತಿಗಳ ಮನೆಗಳಲ್ಲಿಯೂ ಈ ಆಕ್ಷೇಪವು ಏಳುವುದಾದರೆ ಅದು ಸೋಜಿಗವೇ ಸರಿ. 1918ರಲ್ಲಿ ಸ್ಥಾಪಿತವಾದ ಭದ್ರಾವತಿಯ ಕಾರ್ಖಾನೆಯು 1923ರಲ್ಲಿ ಕಬ್ಬಿಣವನ್ನು ಕರಗಿಸಿದ್ದು ಕಲ್ಲಿದ್ದಲಿನಿಂದಲ್ಲ, ಮರದ ಇದ್ದಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು, ಸೌದೆ ಸುತ್ತಣ ಅಡವಿಯದು. ಮೂವತ್ತರ ದಶಕದಲ್ಲಿ ಕಾಗದದ ಕಾರ್ಖಾನೆಯು ಬಂದು ಬಿದಿರನ್ನು ಬೇಡಿತು. ಈ ಕಾರ್ಖಾನೆಗಳಿಂದ ಎಷ್ಟೋ ಸಂಸಾರಗಳ ಒಲೆ ಉರಿದಿದೆ. ಅದನ್ನು ಮರೆಯುವುದು ಕೃತಘ್ನತೆಯಾದೀತು. ಆದಾಗ್ಯೂ ಕುಲುಮೆಗೆ ಹೋದ ಕೊಂಬೆಯನ್ನು ಮರಳಿ ಜೋಡಿಸಿದವರು ಯಾರು? ಆಮೇಲೆ ನೆಟ್ಟ ನೀಲಗಿರಿ ಅಕೇಶಿಯಾ ತೋಪುಗಳಲ್ಲಿ ಹಕ್ಕಿಯ ಕೂಗನ್ನು ಹುಡುಕುತ್ತ ನಡೆದವರಿಗೆ ಉತ್ತರವು ತಿಳಿದೇ ಇದೆ. ಇಂತಹ ಸೀಮೆಯಲ್ಲಿ ಕುಳಿತು, ಎಲ್ಲವೂ ಸರಿಹೋಯಿತೆಂಬ ಚಿತ್ರವನ್ನು ಬೇಡುವುದು ಬಲು ಸುಲಭವಾದ ಸಮಾಧಾನ.

ಚಿತ್ರದಲ್ಲಿ ನಷ್ಟವೇ ಇಲ್ಲವೆಂದಲ್ಲ. ಕಥೆಯಲ್ಲಿ ಗಂಡನು ಭಿಕಾರಿಯಂತೆ ಊರೂರು ಅಲೆದು, ತನ್ನ ಅರಿಯದ ತಪ್ಪಿಗೂ ಬೆಲೆ ತೆತ್ತು ಹಣ್ಣಾಗುತ್ತಾನೆ; ಅವನ ಅಕ್ಕನ ಮನೆಯಲ್ಲಿ ಆ ಮೋಟುದೇಹಕ್ಕೂ ಆರೈಕೆ ದೊರೆಯುತ್ತದೆ. ಈ ಕರುಣೆಯ ಭಾಗಕ್ಕೆ ಚಿತ್ರದಲ್ಲಿ ಎಡೆಯಿಲ್ಲ. ಆಕ್ಷೇಪಿಸತಕ್ಕವರು ಇದನ್ನು ಹಿಡಿದು ಜಗಳವಾಡಿದ್ದರೆ ಅವರಿಗೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು.

ಇದೇ ಕಾರ್ನಾಡರು ‘ನಾಗಮಂಡಲ’ದಲ್ಲಿ ಒಂದು ಮುಕ್ತಾಯವನ್ನು ಹೇಳಿ, ಅದು ಒಪ್ಪಿಗೆಯಾಗದೆ ಮತ್ತೊಂದನ್ನು ಹೇಳಿಸಿದವರು. ಜನಪದ ಕಥೆಗೆ ಇದೇ ಕೊನೆಯೆಂದು ಮುದ್ರೆಯೊತ್ತಿ ಕೊಟ್ಟವರಾರೂ ಇಲ್ಲ. ಸುಖಾಂತವೇ ಬೇಕೆನ್ನುವವರಿಗೆ ಅಜ್ಜಿಯ ಕಥೆಯಿದೆ. 2006ರಲ್ಲಿ ವಿಯೆನ್ನಾ ನಗರದಲ್ಲಿ ಮೊದಲು ಪ್ರದರ್ಶಿತವಾದ ಜಾನ್ ಆಡಮ್ಸರ ಸಂಗೀತನಾಟಕದಲ್ಲಿಯೂ ಆ ಹುಡುಗಿ ಮರಳಿ ಹೆಣ್ಣಾಗುತ್ತಾಳೆ. ಅದನ್ನು ಈ ಚಿತ್ರವು ಯಾರಿಂದಲೂ ಕಸಿದುಕೊಂಡಿಲ್ಲ.