ದುಡಿಯುವ ಜಾಗಕ್ಕೇ ಚಾಳೀಸು ಬರಲಿ

ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಕಣ್ಣಿನ ಆರೋಗ್ಯವೆಂದರೆ ನಮ್ಮ ಆಡಳಿತಕ್ಕೆ ಮೊದಲು ನೆನಪಾಗುವುದು ಪೊರೆಯ ಶಸ್ತ್ರಚಿಕಿತ್ಸೆ. ಅದಕ್ಕೆ ಕಾರಣವೂ ಇದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಐವತ್ತು ದಾಟಿದವರ ಕುರುಡುತನದಲ್ಲಿ ಶೇ 66ರಷ್ಟಕ್ಕೆ ಪೊರೆಯೇ ಮೂಲ. ಆದರೆ ಆ ಲೆಕ್ಕದಲ್ಲಿ ಕುರುಡುತನವನ್ನು ಅಳೆದದ್ದು ದೂರದ ನೋಟದಿಂದ. ಬಸ್ಸಿನ ಬೋರ್ಡು ಓದಬಲ್ಲ, ಸೂಜಿಗೆ ದಾರ ಪೋಣಿಸಲಾರದ ದರ್ಜಿ ಅದರೊಳಗೆ ಬರುವುದೇ ಇಲ್ಲ. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿರುಸಾಗಿ, ಹತ್ತಿರದ್ದನ್ನು ಸ್ಪಷ್ಟವಾಗಿ ಕಾಣುವ ಶಕ್ತಿ ಕುಗ್ಗುತ್ತದೆ. ಇದು ಹೆಚ್ಚುಕಡಿಮೆ ಎಲ್ಲರಿಗೂ ಬರುವಂಥದ್ದು. ಪರಿಹಾರವೂ ಸರಳ: ಒಂದು ಚಾಳೀಸು. ಶಿವಮೊಗ್ಗ, ಭದ್ರಾವತಿಗಳಲ್ಲಿ ಅದನ್ನು ಜನ ದುಡಿಯುವ ಜಾಗದಲ್ಲೇ ಕೊಡುವ ವ್ಯವಸ್ಥೆಯಾಗಲಿ ಎಂಬುದು ನನ್ನ ಕೋರಿಕೆ.

ಚಾಳೀಸು ಅನ್ನದ ಪ್ರಶ್ನೆಯೂ ಹೌದು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟಕ್ಕೆ ಕನ್ನಡಕ ಸಿಕ್ಕವರು, ಸಿಗದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚು ಉತ್ಪಾದಕತೆ ತೋರಿದರು. ಅಷ್ಟೇ ಏರಿಕೆ ನಮ್ಮಲ್ಲೂ ಆಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯನ್ನು ಬೇರ್ಪಡಿಸುವುದು ಎಲೆ ಕೀಳುವುದಕ್ಕಿಂತ ಕಡಿಮೆ ಕಣ್ಣಿನ ಕೆಲಸವೇನಲ್ಲ. ಬೀಡಿ ಕಟ್ಟುವವರು, ಹೊಲಿಗೆಯವರು, ಲೇತ್ ಯಂತ್ರದ ಮುಂದೆ ನಿಲ್ಲುವವರು ಎಲ್ಲರೂ ಬದುಕುವುದು ಒಂದು ಮೊಳ ದೂರದ ನೋಟದಿಂದಲೇ. ಕಾಗದದ ಕಾರ್ಖಾನೆ ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿದ, ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಕ್ಷೀಣಿಸಿದ ಭದ್ರಾವತಿಯಲ್ಲಿ ಕಾರ್ಖಾನೆಯ ಆಸ್ಪತ್ರೆಯ ಆಸರೆಯಿಲ್ಲದೆ ಸಣ್ಣಪುಟ್ಟ ಕಸುಬಿನಲ್ಲಿ ದುಡಿಯುವವರಿಗೆ ಇದರ ಅಗತ್ಯ ಇನ್ನೂ ಹೆಚ್ಚು.

ಮೆಗ್ಗಾನ್ ಆಸ್ಪತ್ರೆಯಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ, ಶಿಬಿರಗಳೂ ನಡೆಯುತ್ತವೆ, ಮತ್ತೇನು ಬೇಕು ಎಂದು ಕೇಳಬಹುದು. ಶಸ್ತ್ರಚಿಕಿತ್ಸೆಗೆ ಅವು ಬೇಕೇ ಬೇಕು. ಆದರೆ ನೂರಿನ್ನೂರು ರೂಪಾಯಿಯ ಕನ್ನಡಕಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಸರತಿಯಲ್ಲಿ ನಿಲ್ಲಲು ದಿನಗೂಲಿಯವರು ಹಿಂಜರಿಯುವುದು ಸಹಜ. 2024ರ ಫೆಬ್ರುವರಿಯಲ್ಲಿ ಹಾವೇರಿಯಲ್ಲಿ ಮುಖ್ಯಮಂತ್ರಿಗಳು ಚಾಲನೆ ಕೊಟ್ಟ ಆಶಾಕಿರಣ ಯೋಜನೆ ಮನೆಬಾಗಿಲಿನ ತಪಾಸಣೆಯ ದಾರಿ ತೋರಿಸಿದೆ, ಅದು ಒಳ್ಳೆಯದೇ. ಆದರೆ ಆಶಾ ಕಾರ್ಯಕರ್ತೆ ಹಗಲು ಹೊತ್ತಿನಲ್ಲಿ ಬಾಗಿಲು ತಟ್ಟಿದಾಗ ದುಡಿಯುವವರು ಮಂಡಿಯಲ್ಲೋ ವರ್ಕ್‌ಶಾಪಿನಲ್ಲೋ ಇರುತ್ತಾರೆ. ಅವರನ್ನು ಹುಡುಕಬೇಕಾದ ಜಾಗ ಅದೇ.

ವೈದ್ಯರಿಂದ ಇನ್ನೂ ಗಂಭೀರವಾದ ಆಕ್ಷೇಪ ಬರಬಹುದು: ಸಿದ್ಧ ಕನ್ನಡಕ ಕೈಗೆ ಕೊಟ್ಟು ಕಳಿಸಿದರೆ ಗ್ಲಾಕೋಮಾದಂಥ ಕಾಯಿಲೆ ಕಣ್ತಪ್ಪುತ್ತದೆ ಎಂದು. ಈ ಆತಂಕ ನ್ಯಾಯವಾದದ್ದು. ಗ್ಲಾಕೋಮಾ ನೋವಿಲ್ಲದೆಯೇ ಕಣ್ಣಿನ ನರವನ್ನು ಸವೆಸಬಹುದು, ಹೋದ ನೋಟ ಮರಳದು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲ ಹಾಳಾಗುವುದೂ ಮೊದಮೊದಲು ತಿಳಿಯದು. ಹಾಗೆಂದು ಚಾಳೀಸನ್ನು ತಡೆಹಿಡಿದರೆ ಈ ಕಾಯಿಲೆಗಳು ಪತ್ತೆಯಾಗುವುದಿಲ್ಲ. ಸರಿಯಾದ ಪವರಿನ ಸಿದ್ಧ ಕನ್ನಡಕ ಕಣ್ಣನ್ನು ಕೆಡಿಸುವುದೂ ಇಲ್ಲ. ಕನ್ನಡಕಕ್ಕೆಂದು ಬಂದವರ ದೂರದ ನೋಟವನ್ನೂ ಅಳೆದು, ಸಕ್ಕರೆ ಕಾಯಿಲೆ ಇರುವವರನ್ನು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರನ್ನು, ಕನ್ನಡಕ ಹಾಕಿದರೂ ಮಂಜು ಕಾಣುವವರನ್ನು ಮೆಗ್ಗಾನ್‌ಗೆ ಕಳಿಸಿದರೆ, ಇಂದು ಯಾರ ಕಣ್ಣಿಗೂ ಬೀಳದವರು ವೈದ್ಯರೆದುರು ಬರುತ್ತಾರೆ. ಪೊರೆ ಬಲಿಯಲಿ ಎಂದು ಕಾಯುತ್ತ ಕೂತವರಿಗೆ, ಈಗ ಕಾಯಬೇಕಿಲ್ಲ ಎಂದು ತಿಳಿಸಲೂ ಅದೇ ಅವಕಾಶ.

ಆದ್ದರಿಂದ ಶಿವಮೊಗ್ಗದ ಎಪಿಎಂಸಿ ಪ್ರಾಂಗಣದಲ್ಲಿ, ಭದ್ರಾವತಿಯ ಹಳೇನಗರದಲ್ಲಿ ಹಾಗೂ ಎರಡೂ ನಗರಗಳ ಆರೋಗ್ಯ ಕೇಂದ್ರಗಳಲ್ಲಿ ತಿಂಗಳಿಗೊಂದು ನಿಗದಿತ ದಿನ, ಕೆಲಸ ಮುಗಿಯುವ ಸಂಜೆಯ ಹೊತ್ತಿನಲ್ಲಿ ನೇತ್ರಾಧಿಕಾರಿಯೊಬ್ಬರನ್ನು ಕೂರಿಸಿ. ಕನ್ನಡ ಅಕ್ಷರದ ಫಲಕದ ಜೊತೆ ಓದು ಬಾರದವರಿಗೆ ಚಿತ್ರದ ಫಲಕವೂ ಇರಲಿ. ಬೇರೆಬೇರೆ ಪವರಿನ ಸಿದ್ಧ ಕನ್ನಡಕಗಳನ್ನು ಉಚಿತವಾಗಿ ಕೊಡಿ. ಎಷ್ಟು ಜನರಿಗೆ ಕೊಟ್ಟಿರಿ, ಎಷ್ಟು ಜನರನ್ನು ಆಸ್ಪತ್ರೆಗೆ ಕಳಿಸಿದಿರಿ, ಅವರಲ್ಲಿ ಎಷ್ಟು ಮಂದಿ ಹೋದರು ಎಂಬ ಲೆಕ್ಕವನ್ನು ಪ್ರತಿ ತಿಂಗಳು ಸಾರ್ವಜನಿಕರ ಮುಂದಿಡಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ದುಬಾರಿ ಯಂತ್ರವೂ ಬೇಡ. ತಮ್ಮದೊಂದು ಆದೇಶ ಸಾಕು. ಅದನ್ನು ಈ ಅಡಿಕೆ ಕೊಯ್ಲಿಗೆ ಮುನ್ನವೇ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಶಿವಮೊಗ್ಗದ ಒಬ್ಬ ನಾಗರಿಕ